ಹಿಮದ ನಾಡಿನಲ್ಲೊಂದು ತೆರೆದ ಬಾಗಿಲು

ನಾರ್ವೆ ದೇಶದ ಉತ್ತರದಲ್ಲಿ ಲಿಂಗೆನ್ ಎಂಬ ಸೀಮೆಯಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ 1,800 ಮೀಟರಿಗೂ ಎತ್ತರದ ಹಿಮಶಿಖರ. ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ಸೂರ್ಯನ ಮುಖವೇ ಕಾಣದು. ಇಂಥ ಕಡೆ ಜನ ಹೇಗಪ್ಪಾ ಬಾಳ್ತಾರೆ ಅಂತೀರಾ? ಈ ಕತೆ ಕೇಳಿ.

ಎರಡನೆಯ ಮಹಾಯುದ್ಧದಲ್ಲಿ ಆ ನಾಡು ಜರ್ಮನರ ಕೈಯಲ್ಲಿತ್ತು. 1943ರ ಮಾರ್ಚ್ ಕೊನೆಯಲ್ಲಿ, ಅವರ ವಿರುದ್ಧ ಕೆಲಸ ಮಾಡಲು ದೋಣಿಯಲ್ಲಿ ಬಂದ 12 ಮಂದಿಯನ್ನು ಜರ್ಮನರು ಸುತ್ತುಗಟ್ಟಿದರು. ತಪ್ಪಿಸಿಕೊಂಡವನು ಯಾನ್ ಬಾಲ್ಸ್‌ರುದ್ ಒಬ್ಬನೇ. ಉಳಿದ 11 ಮಂದಿಯೂ ಸತ್ತರು. ಒಂದು ಕಾಲಿಗೆ ಬೂಟಿಲ್ಲ, ಹೆಬ್ಬೆರಳಿಗೆ ಗುಂಡೇಟು, ಬೆನ್ನಿಗೆ ಸೈನಿಕರು. ಹಿಮಗಾಳಿಯಲ್ಲಿ ದಿಕ್ಕುತಪ್ಪಿ, ಹಿಮಕುಸಿತಕ್ಕೆ ಸಿಕ್ಕಿ, ಹಿಮದ ಬಿಳುಪಿಗೆ ಕಣ್ಣೂ ಕಾಣದಾಗಿ, ಫುರುಫ್ಲಾಟನ್ ಹಳ್ಳಿಯ ಒಂದು ಮನೆಯೊಳಗೆ ಬಂದು ಬಿದ್ದ.

ಸುದ್ದಿ ಹೊರಬಿದ್ದರೆ ಇಡೀ ಸಂಸಾರಕ್ಕೇ ಸಾವು. ಆದರೂ ಆ ಮನೆಯಾಕೆ ಹೊರಗೆ ದೂಡಲಿಲ್ಲ. ಆಕೆಯ ಒಡಹುಟ್ಟಿದ ಮಾರಿಯಸ್ ಗ್ರೊನ್ವೋಲ್ ಅವನನ್ನು ಕೊಟ್ಟಿಗೆಯಲ್ಲಿ ಬಚ್ಚಿಟ್ಟು ಸಾಕಿದ. ಬಳಿಕ ಊರವರು ಜಾರುಬಂಡಿಯಲ್ಲಿ ಬೆಟ್ಟಕ್ಕೆ ಎಳೆದೊಯ್ದರು. ಅಲ್ಲಿ ವಾರಗಟ್ಟಲೆ ಹಿಮದಲ್ಲೇ ಮಲಗಿದ. ಕೊಳೆಯುತ್ತಿದ್ದ ಕಾಲ್ಬೆರಳುಗಳನ್ನು ತಾನೇ ಚಾಕುವಿನಿಂದ ಕೊಯ್ದುಕೊಂಡ! ಕೊನೆಗೆ ಸಾಮಿ ಎಂಬ ಬುಡಕಟ್ಟಿನ ಜನ ಹಿಮಸಾರಂಗದ ಬಂಡಿಯಲ್ಲಿ ಸ್ವೀಡನ್ನಿಗೆ ಮುಟ್ಟಿಸಿದರು.

1988ರಲ್ಲಿ ಆತ ತೀರಿಕೊಂಡ. ಸಮಾಧಿ ಇರುವುದು ತನ್ನನ್ನು ಉಳಿಸಿದವರ ಮಂಡಾಲೆನ್ ಕಣಿವೆಯಲ್ಲೇ.

ಸೋದರಿಯರೇ, ಸಾಯುವ ಸ್ಥಿತಿಯಲ್ಲಿ ಅಪರಿಚಿತನೊಬ್ಬ ಒಳಗೆ ಬಂದರೆ, ಮಕ್ಕಳ ಮುಖ ನೋಡಿ ಹೊರಗೆ ಹೋಗು ಅಂತಿದ್ವೋ, ಒಂದು ಲೋಟ ಹಾಲು ಕಾಯಿಸಿ ಕೊಡ್ತಿದ್ವೋ? ನೀವೇ ಹೇಳಿ.