ಜೀಪಿನ ಎಂಜಿನ್ ಕೂರಿಸುವ ಜಗಳ

ಕೀಲ್ಪಾಕಿನ ನಮ್ಮ ಮನೆಯಲ್ಲಿ ಮಗ ಕನ್ನಡ ಮಾತಾಡುವುದೇ ಅಪರೂಪ. ಆದರೆ ಅವನ ಹಳೆಯ ಮಹೀಂದ್ರ ಜೀಪನ್ನು ಕಾಡುದಾರಿಗೆ ಸಜ್ಜುಗೊಳಿಸುವ ಜಗಳ ಮಾತ್ರ ಅಚ್ಚಕನ್ನಡದಲ್ಲಿ! "ಎಂಜಿನ್ ಮೌಂಟಿಂಗ್ ಕಬ್ಬಿಣದ್ದೇ ಹಾಕೋಣಪ್ಪ, ಅಲುಗಾಡೋದೇ ಇಲ್ಲ" ಎಂಬುದು ಅವನ ವಾದ.

ಯುವಮಿತ್ರರೇ, ಸ್ವಲ್ಪ ಅಲುಗಾಡಲೇಬೇಕು. ಹಳ್ಳದಲ್ಲಿ ಒಂದು ಚಕ್ರ ಮೇಲೆದ್ದಾಗ ಚಾಸಿ ತಿರುಚಿಕೊಳ್ಳುತ್ತದೆ. ಎಂಜಿನ್ ಬಿಗಿಯಾಗಿ ಕೂತಿದ್ದರೆ ಬ್ರಾಕೆಟ್ಟಿನ ವೆಲ್ಡಿಂಗ್ ಬಿರಿಯುತ್ತದೆ. ಡೀಸೆಲ್ ಎಂಜಿನ್ನಿನ ನಡುಕವೂ ನೇರ ಸೀಟಿಗೇ ಬರುತ್ತದೆ. ರಬ್ಬರ್ ಇವೆರಡನ್ನೂ ನುಂಗಿಕೊಳ್ಳುತ್ತದೆ. ಆದರೆ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಪಾಲಿಯುರೆಥೇನ್ ಎಣ್ಣೆಗೆ ಜಗ್ಗದು, ನಡುಕವನ್ನು ಮಾತ್ರ ಹೆಚ್ಚು ದಾಟಿಸುತ್ತದೆ.

ಎಂಜಿನ್ನಿನ ಎರಡು ಬದಿಗೆ ಎರಡು, ಗೇರ್‌ಬಾಕ್ಸಿನ ಕೆಳಗೆ ಒಂದು, ಹೀಗೆ ಮೂರು ಕಡೆ ಆಧಾರವಿದ್ದರೆ ಚಾಸಿ ತಿರುಚಿದರೂ ಎಂಜಿನ್ ಮುಕ್ಕಾಲಿಯಂತೆ ಕೂರುತ್ತದೆ. ಲೋ ಗೇರಿನಲ್ಲಿ ಏರು ಹತ್ತುವಾಗ ತಿರುಗುಬಲ ಹಲವು ಪಟ್ಟಾಗುವುದರಿಂದ ಗೇರ್‌ಬಾಕ್ಸಿನದು ಗಟ್ಟಿಯಾಗಿರಲಿ.

ಪುದುಪೇಟೆಯ ಅಂಗಡಿಗಳಲ್ಲಿ ಹಳೆಯ ಬ್ರಾಕೆಟ್ ಕೊಳ್ಳಿ, ಬಿರುಕಿಲ್ಲದಿದ್ದರೆ ಚಿಂತೆಯಿಲ್ಲ. ರಬ್ಬರ್ ಮಾತ್ರ ಹೊಸದೇ ಇರಲಿ. ಗುಡ್ಡದ ಮೇಲೆ ಅದು ಹರಿದರೆ ಎಂಜಿನ್ ಜರುಗಿ ಫ್ಯಾನು ರೇಡಿಯೇಟರಿಗೆ ಬಡಿಯಬಹುದು. ಆಮೇಲೆ ನಡೆದೇ ಇಳಿಯಬೇಕು. ಬೇರೆ ಎಂಜಿನ್ನನ್ನೇ ಕೂರಿಸುವುದಾದರೆ ಸ್ಪ್ಯಾನರ್ ಹಿಡಿಯುವ ಮುಂಚೆ ಆರ್.ಟಿ.ಓ. ಅನುಮತಿ ಪಡೆಯಿರಿ.