ಎಚ್ಚರವಾಗುವ ಹೊತ್ತು

ನಮ್ಮ 5 ವರ್ಷದ ಮೊಮ್ಮಗನನ್ನು ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಗೆಂದು ಮೆಟ್ಟೂರಿನಿಂದ ಕೊಯಮತ್ತೂರಿಗೆ ಕರೆದೊಯ್ದೆವು. ನಮಗೆಲ್ಲ ಕತ್ತರಿಯ ಭಯ. ವೈದ್ಯರು ಹೆಚ್ಚು ಹೇಳಿದ್ದು ಎಚ್ಚರವಾಗುವ ಹೊತ್ತಿನ ಬಗ್ಗೆ. 1990ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ಸೆವೊಫ್ಲುರೇನ್ ಅನಿಲದಿಂದ ಮಲಗಿದ ಚಿಕ್ಕಮಕ್ಕಳು ಏಳುವಾಗ ಹೆತ್ತ ತಾಯಿಯನ್ನೂ ಗುರುತಿಸದೆ ಕಿರುಚಿ ಒದೆಯುವುದುಂಟು. ಕಣ್ಣಿಗೆ ಪಟ್ಟಿಯಿದ್ದರೆ ದಿಗಿಲು ಇನ್ನೂ ಹೆಚ್ಚು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ. ಅಷ್ಟರಲ್ಲಿ ಕಣ್ಣುಜ್ಜಿಕೊಂಡರೆ ಹೊಲಿಗೆಗೆ ಅಪಾಯ.

ಮೊದಲೇ ಮೂಗಿಗೆ ಡೆಕ್ಸ್‌ಮೆಡಿಟೊಮಿಡಿನ್ ಹನಿ ಹಾಕುವುದು, ನೋವಿಗೆ ಔಷಧ ಕೊಡುವುದು ವೈದ್ಯರ ಪಾಲು. ನಮ್ಮ ಪಾಲಿಗೆ, ಒಂದು ವಾರ ಮನೆಯಲ್ಲಿ ಅವನ ಕಣ್ಣಿಗೆ ಕರವಸ್ತ್ರ ಕಟ್ಟಿ ಆಡಿಸಿದೆವು.

ತಕರಾರು ಬಂದದ್ದು ನೀರಿನಲ್ಲಿ. ಸೂರ್ಯಾಸ್ತವಾದ ಮೇಲೆ ಬೆಳಗಾಗುವ ತನಕ ಹನಿ ನೀರೂ ಬೇಡವೆಂದರು ನಮ್ಮ ಶ್ರೀಮತಿಯವರು. ಹಾಲು 6 ಗಂಟೆ, ತಿಳಿನೀರು 2 ಗಂಟೆ ಮುಂಚೆ ನಿಲ್ಲಿಸಿದರೆ ಸಾಕು, ಬಾಯಿ ಒಣಗಿದ ಮಗು ಮೊದಲೇ ರೇಗಿರುತ್ತದೆ ಎಂದಿದ್ದರು ವೈದ್ಯರು. ನಿಯಮ ನಮಗಿರಲಿ, ಕೂಸಿಗೆ ಕಾಯಿಸಿದ ನೀರು ಕೊಡಿ ಎಂದೆವು. ಆಕೆ ರಾತ್ರಿಯಿಡೀ ಮಾತನಾಡಲಿಲ್ಲ. ಬೆಳಗಿನ 5ಕ್ಕೆ ಲೋಟ ಹಿಡಿದು ಅವನನ್ನು ಎಬ್ಬಿಸಿದವರೂ ಅವರೇ.

ಎಚ್ಚರವಾದಾಗ ಹುಡುಗ ಹತ್ತು ನಿಮಿಷ ಅತ್ತ. ಸೊಸೆ ಎರಡೂ ಕೈ ಹಿಡಿದುಕೊಂಡು ಮೆಲ್ಲಗೆ ಣಮೋಕಾರ ಹೇಳುತ್ತಿದ್ದಳು. ಆಮೇಲೆ, "ಅಜ್ಜಿ ಎಲ್ಲಿ?" ಎಂದು ಕೇಳಿದ.