ತೊಪ್ಪೂರು ಘಟ್ಟದ ದಾರಿಯೂ ಕಾರಿನೊಳಗಿನ ಮಂದ್ರನಾದವೂ

ಹೊಸೂರಿನಿಂದ ಸೇಲಂ ನಗರದವರೆಗಿನ ಹೆದ್ದಾರಿಯನ್ನು ಕಿವಿಯಿಂದಲೇ ಗುರುತಿಸಬಹುದೆಂದರೆ ವಾಚಕರು ನಗಬಾರದು. ಕೃಷ್ಣಗಿರಿಯ ಮಾವಿನ ತೋಪುಗಳ ನಡುವೆ ಗಾಳಿಯ ಸುಯ್ಲು. ಧರ್ಮಪುರಿಯಲ್ಲಿ ಖಾಸಗಿ ಬಸ್ಸುಗಳಿಂದ ಹೊರಹೊಮ್ಮುವ ಚಲಚ್ಚಿತ್ರಗೀತೆ. ತೊಪ್ಪೂರು ಘಟ್ಟದಲ್ಲಿ ಭಾರ ಹೊತ್ತು ಇಳಿಯುವ ಲಾರಿಗಳ ನರಳಾಟ. ಓಮಲೂರು ದಾಟಿ ಸೇಲಂ ಸೇರಿ, ನೇಕಾರರ ಓಣಿಯೊಂದನ್ನು ಹೊಕ್ಕರೆ ಮಗ್ಗದ ಲಯಬದ್ಧವಾದ ಸದ್ದು. ನಾದಕ್ಕೆ ಬರವಿಲ್ಲದ ನಾಡು ಇದು.

ಈ ನಾಡಿಗೂ ಕನ್ನಡಕ್ಕೂ ಇರುವ ನಂಟು ಹಳೆಯದು. ತಗಡೂರೆಂದು ಹೆಸರಾಗಿದ್ದ ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಮೈಸೂರಿನ ಕೈತಪ್ಪಿತು. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರೆಯಾದವು. ಗಡಿಗಳು ಎಷ್ಟು ಸಲ ಸರಿದರೂ ದೇವಾಂಗರೇ ಮೊದಲಾದ ಅನೇಕರ ಮನೆಗಳಲ್ಲಿ ಅಡಿಗೆಮನೆಯ ಮಾತು ಕನ್ನಡವಾಗಿಯೇ ಉಳಿದಿದೆ. ಆದರೆ ಮಕ್ಕಳು ಓದುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕುಲದೇವರ ಜಾತ್ರೆಗೋ ನೆಂಟರ ಮದುವೆಗೋ ಹೋಗುವಾಗ ಕಾರಿನಲ್ಲಿ ಕೇಳುವ ದೇವರನಾಮ, ಭಾವಗೀತೆಗಳೇ ಎಷ್ಟೋ ಮಕ್ಕಳಿಗೆ ಕನ್ನಡದ ಪಾಠಶಾಲೆ. ಕಾರಿನೊಳಗಿನ ಧ್ವನಿಯ ವಿಚಾರವನ್ನು ಕುಟುಂಬದ ಪತ್ರಿಕೆಯಲ್ಲಿ ಎತ್ತಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಸೇಲಂ ನಗರಕ್ಕೆ ಧ್ವನಿಯ ವಿದ್ಯೆ ಹೊಸತಲ್ಲ. ಟಿ. ಆರ್. ಸುಂದರಂ ಅವರು ಇಲ್ಲಿ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಸಂಸ್ಥೆಯಿಂದಲೇ 1938ರಲ್ಲಿ ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ ಹೊರಬಂದಿತು. ಏರ್ಕಾಡು ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಅದರ ಕಮಾನನ್ನು ಕಾಣಬಹುದು. ಅಂದು ಊರಿಗೊಂದು ಚಿತ್ರಮಂದಿರವಿದ್ದರೆ, ಇಂದು ಪ್ರತಿ ಕಾರೂ ಒಂದು ಚಿತ್ರಮಂದಿರವಾಗಲು ಹವಣಿಸುತ್ತಿದೆ. ಹೊಸ ಕಾರು ಕೊಂಡ ತರುಣನು ಮೊದಲು ಬಯಸುವುದು ಡಿಕ್ಕಿಯಲ್ಲೊಂದು ಸಬ್‌ವೂಫರ್. ಎರಡನೆಯದಾಗಿ, ಅದರ ಸದ್ದು ಪಕ್ಕದ ಬೀದಿಗೂ ಕೇಳಬೇಕೆಂಬುದು!

ಸಬ್‌ವೂಫರ್ ಎಂಬುದು ಸುಮಾರು 20ರಿಂದ 80 ಹರ್ಟ್ಸ್‌ವರೆಗಿನ ಮಂದ್ರನಾದವನ್ನು ಮಾತ್ರ ನುಡಿಸುವ ದೊಡ್ಡ ಸ್ಪೀಕರು. ಅದರ ಗುಣವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಅದನ್ನು ಕೂರಿಸುವ ಪೆಟ್ಟಿಗೆ. ಪೆಟ್ಟಿಗೆಗಳಲ್ಲಿ ಎರಡು ಮುಖ್ಯ ಜಾತಿಗಳಿವೆ. ಗಾಳಿಯಾಡದಂತೆ ಪೂರ್ಣ ಮುಚ್ಚಿದ್ದು ಒಂದು. ಒಂದು ಕೊಳವೆಯ ಮೂಲಕ ಗಾಳಿ ಹೋಗಿಬರುವಂಥದ್ದು ಇನ್ನೊಂದು. ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಸ್ಪೀಕರಿನ ಪೊರೆಯನ್ನು ಹಿಡಿದಿರುತ್ತದೆ. ಆದುದರಿಂದ ಪೆಟ್ಟು ಬಿದ್ದೊಡನೆ ಸದ್ದು ಹುಟ್ಟಿ, ಅಷ್ಟೇ ಬೇಗ ಅಡಗುತ್ತದೆ. ಮೃದಂಗದ ಎಡಗೈಯ ಗುಂಕಾರವು ಒಂದರೊಳಗೊಂದು ಬೆರೆಯದೆ ಬಿಡಿಬಿಡಿಯಾಗಿ ಕೇಳಿಸುತ್ತದೆ. ಕೊಳವೆಯ ಪೆಟ್ಟಿಗೆಯದು ಘಟದ ನ್ಯಾಯ. ಘಟದ ಬಾಯಿಯನ್ನು ಹೊಟ್ಟೆಗೊತ್ತಿ, ಸಡಿಲಿಸಿ ವಾದಕನು ಗಾಳಿಯ ಅನುರಣನವನ್ನು ಬದಲಿಸುವಂತೆ, ಇಲ್ಲಿ ಕೊಳವೆಯ ಅಳತೆಯು ಒಂದು ಶ್ರುತಿಯನ್ನು ನಿಗದಿಮಾಡುತ್ತದೆ. ಆ ಶ್ರುತಿಯ ಆಸುಪಾಸಿನಲ್ಲಿ ಅದೇ ವಿದ್ಯುತ್ತಿಗೆ ಹೆಚ್ಚು ಸದ್ದು ದೊರೆಯುತ್ತದೆ. ಅದಕ್ಕಿಂತ ಕೆಳಗೆ ಪೊರೆ ಹಿಡಿತ ತಪ್ಪಿ ಕುಣಿಯುತ್ತದೆ.

ಸೇಲಂ ನಗರದಲ್ಲಿ ಈ ಕೆಲಸ ಬಲ್ಲ ತರುಣನೊಬ್ಬನನ್ನು ವಿಚಾರಿಸಿದಾಗ ಆತನು ಮನೆಮಾತಿನ ಕನ್ನಡದಲ್ಲೇ, “ಅಣ್ಣಾ, ಎಲ್ಲರೂ ವ್ಯಾಟ್ ಎಷ್ಟು ಅಂತ ಕೇಳ್ತಾರೆ, ಪೆಟ್ಟಿಗೆ ಎಷ್ಟು ಲೀಟರು ಅಂತ ಯಾರೂ ಕೇಳೋದಿಲ್ಲ” ಎಂದನು. ಮಾತು ಮಾರ್ಮಿಕವಾಗಿತ್ತು. 250 ವ್ಯಾಟನ್ನು 500 ಮಾಡಿದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಲು ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ವಿದ್ಯುತ್ತು ಬೇಕು. 500 ವ್ಯಾಟಿನ ಆಂಪ್ಲಿಫೈಯರೇ ಪೂರ್ಣ ದುಡಿದಾಗ ಬ್ಯಾಟರಿಯಿಂದ 45–50 ಆಂಪಿಯರ್ ಎಳೆಯಬಲ್ಲದು. ದಪ್ಪ ತಂತಿಯನ್ನೂ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸನ್ನೂ ಹಾಕದಿದ್ದರೆ ಸಂಗೀತದ ಬದಲು ಹೊಗೆ ಏಳುವುದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ‘ಪೀಕ್’ ವ್ಯಾಟಿಗೆ ಮರುಳಾಗದೆ, ‘ಆರ್.ಎಂ.ಎಸ್.’ ಎಂಬ ನಿಜವಾದ ಅಂಕಿಯನ್ನೇ ನೋಡಬೇಕು. ಕಾರಿನ ಇಕ್ಕಟ್ಟಾದ ಒಳಾಂಗಣವು ತಗ್ಗಿದ ಸ್ವರಗಳನ್ನು ತಾನೇ ಹಿಗ್ಗಿಸುವುದರಿಂದ ಚಿಕ್ಕ ವ್ಯವಸ್ಥೆಗೂ ಸಾಕಷ್ಟು ಕಸುವು ಬರುತ್ತದೆ.

ಹಾಗಾದರೆ ಸದ್ದನ್ನು ಏರಿಸಿದರೇನು ನಷ್ಟ? ಬಲವಾದ ಮಂದ್ರನಾದಕ್ಕೆ ತನಗಿಂತ ಮೇಲಿನ ಸ್ವರಗಳನ್ನು ಮರೆಮಾಡುವ ಗುಣವಿದೆ. ನಮ್ಮ ಮಾತಿನಲ್ಲಿ ‘ಸ’ಕಾರ, ‘ಶ’ಕಾರಗಳೂ ವ್ಯಂಜನಗಳ ಸ್ಪಷ್ಟತೆಯೂ ನೆಲೆಸಿರುವುದು ಸಾವಿರಾರು ಹರ್ಟ್ಸ್‌ಗಳ ಎತ್ತರದಲ್ಲಿ. ಗುಡುಗುವ ಪೆಟ್ಟಿಗೆಯ ಮುಂದೆ ಒತ್ತಕ್ಷರಗಳು ಮುಳುಗುತ್ತವೆ. ಹಾಡಿನ ತಾಳ ಉಳಿದು ಮಾತು ಹೋಗುತ್ತದೆ. ಕನ್ನಡವನ್ನು ಕಿವಿಯಿಂದಲೇ ಕಲಿಯಬೇಕಾದ ಮಗುವಿಗೆ ಇದು ಸಣ್ಣ ನಷ್ಟವಲ್ಲ. ಇನ್ನು ತೊಪ್ಪೂರು ಘಟ್ಟದಲ್ಲಿ ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವಾಗ, ಬ್ರೇಕು ಸೋತ ಲಾರಿ ಹಿಂದಿನಿಂದ ಕೂಗುವ ಹಾರನ್ನು ಕೇಳುವುದು ಜೀವದ ಪ್ರಶ್ನೆ. ಅಪಘಾತಗಳಿಗೆ ಕುಖ್ಯಾತವಾದ ಆ ಇಳಿಜಾರಿನಲ್ಲೂ, ಏರ್ಕಾಡಿನ 20 ಕಡಿದಾದ ತಿರುವುಗಳಲ್ಲೂ ಧ್ವನಿಯನ್ನು ತಗ್ಗಿಸುವುದೇ ವಿವೇಕ.

ಕಿವಿಯ ಲೆಕ್ಕವೂ ಕಠಿಣವಾದದ್ದು. ದುಡಿಮೆಯ ಸ್ಥಳಗಳಿಗಾಗಿ ತಜ್ಞರು ಸೂಚಿಸಿರುವ ಮಿತಿಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದಾದರೆ, 94 ಡೆಸಿಬೆಲ್ಲನ್ನು 1 ಗಂಟೆ, 100 ಡೆಸಿಬೆಲ್ಲನ್ನು ಕೇವಲ 15 ನಿಮಿಷ. ಹಗಲಿಡೀ ವಿದ್ಯುತ್ ಮಗ್ಗಗಳ ನಡುವೆ ದುಡಿದು ಬಂದ ಕಿವಿಗೆ ಸಂಜೆಯಾದರೂ ವಿಶ್ರಾಂತಿ ಬೇಡವೇ? ನೆರೆಯವರ ಹಕ್ಕೂ ಉಂಟು: 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್.

ಸಂಸಾರವಂದಿಗನಿಗೆ ಒಪ್ಪುವ ವ್ಯವಸ್ಥೆಯನ್ನು ಹೀಗೆ ಸಂಗ್ರಹಿಸಬಹುದು. 10 ಅಂಗುಲದ ಒಂದೇ ಸಬ್‌ವೂಫರ್. ತಯಾರಕರು ಹೇಳಿದ ಅಳತೆಯ, ಸಾಮಾನ್ಯವಾಗಿ 20–30 ಲೀಟರಿನ, ಗಟ್ಟಿಯಾದ ಮುಚ್ಚಿದ ಪೆಟ್ಟಿಗೆ. 200–300 ವ್ಯಾಟ್ ಆರ್.ಎಂ.ಎಸ್. ಶಕ್ತಿ. ಜೋರು ಬೇಕೇಬೇಕೆನ್ನುವವರು ಡಿಕ್ಕಿಯ ಜಾಗವನ್ನು ಬಿಟ್ಟುಕೊಟ್ಟು, 35 ಹರ್ಟ್ಸ್ ಆಸುಪಾಸಿಗೆ ಶ್ರುತಿಮಾಡಿದ ಕೊಳವೆಯ ಪೆಟ್ಟಿಗೆಯನ್ನು ಮಾಡಿಸಲಿ. ಆದರೆ ಅತಿ ತಗ್ಗಿನ ಸ್ವರಗಳನ್ನು ತಡೆಯುವ ಫಿಲ್ಟರನ್ನು ಮರೆಯದಿರಲಿ. ಎರಡರಲ್ಲೂ ಸ್ವರಗಳ ಗಡಿಯನ್ನು 80 ಹರ್ಟ್ಸ್‌ಗೆ ಇರಿಸಿ, ಸದ್ದು ಒಡೆಯುವ ಹಂತಕ್ಕಿಂತ ಕೆಳಗೇ ಆಂಪ್ಲಿಫೈಯರನ್ನು ನಿಲ್ಲಿಸಬೇಕು. ನಂಬರ್ ಪ್ಲೇಟು ಗಲಗಲನೆ ನಡುಗಿದರೆ ಅದು ಸಂಗೀತವಲ್ಲ, ಬಿಗಿಪಡಿಸಬೇಕಾದ ತಗಡು.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಚೆನ್ನಾಗಿ ಪರಿಚಯವಿರುವ ಕನ್ನಡದ ಹಾಡೊಂದನ್ನು ಹಾಕಿ, ಹಿಂದಿನ ಆಸನದಲ್ಲಿ ಅಜ್ಜಿಯನ್ನೂ ಮೊಮ್ಮಗಳನ್ನೂ ಕೂರಿಸಿರಿ. ಮೊಮ್ಮಗಳು ಸಾಹಿತ್ಯವನ್ನು ತಪ್ಪಿಲ್ಲದೆ ಒಪ್ಪಿಸಿ, ಅಜ್ಜಿಯು “ಸ್ವಲ್ಪ ಕಡಿಮೆ ಮಾಡಪ್ಪಾ” ಎನ್ನದೆ ತಾಳ ಹಾಕಿದರೆ, ಹಣ ಸಾರ್ಥಕವಾಯಿತೆಂದು ತಿಳಿಯಬಹುದು.